ಲೂಯಿ ವೂಲ್‌ಹೈಮ್: ಯಾವ ಸಿನಿಮಾದಿಂದ ಶುರು ಮಾಡೋದು?

ಕಪ್ಪುಬಿಳುಪು:
1930ರ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಅನ್ನೋ ಯುದ್ಧದ ಸಿನಿಮಾದಲ್ಲಿ ಕ್ಯಾಟ್ ಅನ್ನೋ ಸೈನಿಕನ ಪಾತ್ರ ಮಾಡಿದ್ದ ಲೂಯಿ ವೂಲ್‌ಹೈಮ್ ಬಗ್ಗೆ ತಿಳಿದವರು ಹೇಳಿ. ಎಲ್ಲಿ ಹುಡುಕಿದರೂ ‘ಒರಟು ಪಾತ್ರಗಳ ನಟ’ ಅನ್ನೋದಷ್ಟೇ ಸಿಗುತ್ತೆ. ಆ ಚಪ್ಪಟೆ ಮೂಗು ಮೇಕಪ್ಪಾ? ಬೇರೆ ಯಾವ ಸಿನಿಮಾ ನೋಡಬಹುದು?

ಹಳೇರೀಲು:
ಮೂಗು ಅಸಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಮೆರಿಕನ್ ಫುಟ್‌ಬಾಲ್ ಆಡಿ ಮುರಿದುಕೊಂಡದ್ದು. ಆಮೇಲೆ ಗಣಿತದ ಮೇಷ್ಟ್ರಾಗಿದ್ದವರನ್ನು ಸಿನಿಮಾಕ್ಕೆ ಎಳೆದು ತಂದದ್ದು ನಟ ಲಯೊನೆಲ್ ಬ್ಯಾರಿಮೋರ್. ಮುಂದೆ ಮೂಗು ಸರಿಮಾಡಿಸಿಕೊಳ್ಳೋಕೆ ಹೊರಟರೆ ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ಸಿನಿಮಾ ಕಂಪನಿ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ಕಂಪನಿಗೆ ಆ ಮೂಗೇ ಬಂಡವಾಳ!

ಹೆಸರು ಬಂದದ್ದು ನಾಟಕದಿಂದ: 1922ರಲ್ಲಿ ನಾಟಕಕಾರ ಯೂಜೀನ್ ಓನೀಲ್‌ರ ‘ದಿ ಹೇರಿ ಏಪ್’ನ ಯಾಂಕ್, 1924ರಲ್ಲಿ ‘ವಾಟ್ ಪ್ರೈಸ್ ಗ್ಲೋರಿ’ಯ ಕ್ಯಾಪ್ಟನ್ ಫ್ಲ್ಯಾಗ್. ಎರಡನೆಯದು 1926ರಲ್ಲಿ ಸಿನಿಮಾ ಆದಾಗ ಪಾತ್ರ ವಿಕ್ಟರ್ ಮೆಕ್‌ಲಾಗ್ಲೆನ್ ಪಾಲಾಯಿತು.

ಮೊದಲು ‘ಟು ಅರೇಬಿಯನ್ ನೈಟ್ಸ್’ (1927) ನೋಡಿ. ಮೂಕಿ ಹಾಸ್ಯ ಚಿತ್ರ, ನಿರ್ದೇಶನ ಲೂಯಿಸ್ ಮೈಲ್‌ಸ್ಟೋನ್. ಶುರುವಿನಲ್ಲೇ ವೂಲ್‌ಹೈಮೂ ಇನ್ನೊಬ್ಬ ನಟ ವಿಲಿಯಂ ಬಾಯ್ಡೂ ಯುದ್ಧಭೂಮಿಯ ಕೆಸರಿನ ಗುಂಡಿಯಲ್ಲಿ ಬಿದ್ದು ಗುದ್ದಾಡ್ತಾರೆ. ತಲೆ ಎತ್ತಿದರೆ ಸುತ್ತಲೂ ಜರ್ಮನ್ ಸೈನಿಕರು. ಮೂರು ವರ್ಷದ ಮೇಲೆ ಕ್ಯಾಟ್ ಪಾತ್ರ ಕೊಟ್ಟದ್ದೂ ಇದೇ ಮೈಲ್‌ಸ್ಟೋನ್. ಆಮೇಲೆ ‘ದಿ ರ್ಯಾಕೆಟ್’ (1928), ಅದರಲ್ಲಿ ಗ್ಯಾಂಗ್‌ಸ್ಟರ್ ನಿಕ್ ಸ್ಕಾರ್ಸಿ.

ಮೂಕಿಪ್ರಿಯ:
‘ದಿ ರ್ಯಾಕೆಟ್’ ಹುಡುಕುವಾಗ ಇಸವಿ ನೋಡಿಕೊಳ್ಳಿ. 1951ರದ್ದು ಬೇರೆ, ಅದರಲ್ಲಿರೋದು ನಟರಾದ ರಾಬರ್ಟ್ ಮಿಚಮ್ ಮತ್ತು ರಾಬರ್ಟ್ ರಯಾನ್. 1928ರ ಚಿತ್ರ ಕಳೆದೇಹೋಯಿತು ಅಂದುಕೊಂಡಿದ್ದರು, ಉಳಿದದ್ದು ನಿರ್ಮಾಪಕ ಹೊವಾರ್ಡ್ ಹ್ಯೂಸ್ ಸಂಗ್ರಹದಲ್ಲಿ.

‘ಡೇಂಜರ್ ಲೈಟ್ಸ್’ (1930) ಸುಲಭವಾಗಿ ಸಿಗುತ್ತೆ, ಆದರೆ ಹಕ್ಕುಸ್ವಾಮ್ಯ ಮುಗಿದಿರೋದರಿಂದ ನಕಲಿನ ನಕಲುಗಳೇ ಜಾಸ್ತಿ: ಚಿತ್ರ ಮಸುಕು, ಮಾತಿಗೆ ಗೊರಗೊರ. ಅಗಲ ಪರದೆಗೆ ‘ನ್ಯಾಚುರಲ್ ವಿಷನ್’ ಅನ್ನೋ ವಿಧಾನದಲ್ಲೂ ತೆಗೆದಿದ್ದರು, ಈಗ ಉಳಿದಿರೋದು ಮಾಮೂಲಿ 35 ಎಂ.ಎಂ. ಮಾತ್ರ. ಕಥೆ ಸಪ್ಪೆ. ಎರಡು ಉಗಿ ಎಂಜಿನ್‌ಗಳ ಎಳೆದಾಟಕ್ಕಾದರೂ ನೋಡಿ.

ಕಪ್ಪುಬಿಳುಪು:
ನಟನೆಯಲ್ಲಿ ಏನು ಗಮನಿಸಬೇಕು ಸರ್?

ಹಳೇರೀಲು:
ದನಿ. ಟಾಕಿಯ ಆರಂಭದಲ್ಲಿ ಬಹಳ ನಟರು ಕಡೇ ಸಾಲಿನ ಪ್ರೇಕ್ಷಕನಿಗೆ ಕೇಳಿಸೋ ಹಾಗೆ ಮಾತಾಡ್ತಿದ್ದರು. ಕ್ಯಾಟ್ ಮಾತು ಪಕ್ಕದಲ್ಲಿ ಕೂತವನಿಗಷ್ಟೇ. ಕಥಾನಾಯಕ ಪೌಲ್ ಅವನನ್ನು ಹೆಗಲ ಮೇಲೆ ಹೊತ್ತು, ಜೀವ ಹೋಗಿದ್ದು ಗೊತ್ತಾಗದೆ ಮಾತಾಡ್ತಾ ನಡೆಯೋ ದೃಶ್ಯದಲ್ಲಿ ಒರಟು, ಕೇಡಿ ಅನ್ನೋ ಹಣೆಪಟ್ಟಿ ಯಾವುದೂ ನೆನಪಾಗಲ್ಲ.

ಮೂಕಿಪ್ರಿಯ:
‘ದಿ ಫ್ರಂಟ್ ಪೇಜ್’ (1931) ಅನ್ನೂ ಮೈಲ್‌ಸ್ಟೋನ್ ವೂಲ್‌ಹೈಮ್‌ಗೇ ಕೊಟ್ಟಿದ್ದರು, ಸಂಪಾದಕ ವಾಲ್ಟರ್ ಬರ್ನ್ಸ್ ಪಾತ್ರ. ಆದರೆ ವೂಲ್‌ಹೈಮ್ ಕ್ಯಾನ್ಸರ್‌ನಿಂದ 1931ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಪಾತ್ರ ಮಾಡಿ ಆಸ್ಕರ್ ನಾಮನಿರ್ದೇಶನ ಪಡೆದದ್ದು ಅಡಾಲ್ಫ್ ಮೆಂಜೂ, ಚೂಪು ಮೀಸೆಯ ನಾಜೂಕು ಮನುಷ್ಯ. ವೂಲ್‌ಹೈಮ್ ತಾವೇ ನಿರ್ದೇಶಿಸಿ ನಟಿಸಿದ್ದ ‘ದಿ ಸಿನ್ ಶಿಪ್’ ತೆರೆಗೆ ಬಂದದ್ದು ಸತ್ತ ಮೇಲೆ. ಅದನ್ನು ಕೊನೆಗಿಟ್ಟುಕೊಳ್ಳಿ.