ಒಂಬತ್ತರವರೆಗೆ ಫೋನ್ ಮುಟ್ಟಲ್ಲ: ಶಿಸ್ತೋ, ಶೋಕಿಯೋ?

ಕಾಫಿಪುಡಿ
ಮೂರು ತಿಂಗಳಿಂದ ಬೆಳಿಗ್ಗೆ ಒಂಬತ್ತರವರೆಗೆ ಫೋನ್ ಮುಟ್ಟುತ್ತಿಲ್ಲ. ರಾತ್ರಿ ಮಲಗುವ ಮುಂಚೆ ಅಡುಗೆಮನೆಯಲ್ಲಿ ತೊಗರಿಬೇಳೆ ಡಬ್ಬದ ಪಕ್ಕ ಇಟ್ಟು ಬರುತ್ತೇನೆ. ನ್ಯೂಸ್ ಆ್ಯಪ್ ಎಲ್ಲ ಕಿತ್ತು ಹಾಕಿದೆ. ಹದಿನಾಲ್ಕು ಗ್ರೂಪ್‌ನಲ್ಲಿ ಹನ್ನೊಂದು ಮ್ಯೂಟ್. ದಿನಕ್ಕೆ ಒಂದು ಪೇಪರ್, ಅಷ್ಟೇ. ಹಿಂದೆ ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಫೋನ್. ಯಾವುದೋ ದೇಶದ ಚುನಾವಣೆ, ಯಾರದೋ ಮದುವೆ, ಚಿನ್ನದ ರೇಟು, ಅಷ್ಟರಲ್ಲಿ ಕಾಫಿ ಆರಿ ಕೆನೆ ಕಟ್ಟಿರುತ್ತಿತ್ತು. ಮಾಹಿತಿ ಜಾಸ್ತಿ ಆಯ್ತು ಅಂತ ಎಲ್ಲರೂ ಗೋಳಾಡುತ್ತಾರೆ. ಜಾಸ್ತಿ ಆಗಿರುವುದು ನಮ್ಮ ಚಪಲ. ಮನಸ್ಸು ಗಟ್ಟಿ ಇದ್ದರೆ ಫೋನ್ ಏನು ಮಾಡುತ್ತೆ?

ಕುಂದಾಪುರದ ಅಮ್ಮ
"ಒಂಬತ್ತರವರೆಗೆ" ಅಂತೆ! ಜುಲೈನಲ್ಲಿ ನಮ್ಮ ಕಡೆ ಬನ್ನಿ. ಮಳೆಗೆ ಶಾಲೆ ರಜೆ ಅಂತ ಜಿಲ್ಲಾಧಿಕಾರಿ ಆದೇಶ ಕೆಲವು ಸಲ ರಾತ್ರಿಯೇ ಬರುತ್ತದೆ, ಕೆಲವು ಸಲ ಬೆಳಿಗ್ಗೆ. ನಾನೂ ಒಂದು ದಿನ ನಿಮ್ಮ ಹಾಗೆ ಫೋನ್ ಒಳಗಿಟ್ಟಿದ್ದೆ. ಬುತ್ತಿ ಕಟ್ಟಿ, ಇಬ್ಬರಿಗೂ ರೈನ್‌ಕೋಟ್ ಹಾಕಿ, ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಂತೆವು. ಚಿಕ್ಕವನ ಶೂ ಒಳಗೆ ನೀರು. ವ್ಯಾನ್ ಬರಲಿಲ್ಲ. ಹಾಲಿನವರು ಸ್ಕೂಟರ್ ನಿಲ್ಲಿಸಿ "ಇವತ್ತು ರಜೆ ಅಲ್ವಾ ಅಕ್ಕ" ಅಂದರು. ಮನೆಗೆ ಬಂದು ನೋಡಿದರೆ 6:40ಕ್ಕೇ ಮೆಸೇಜ್ ಬಂದಿದೆ. ಇದು ಚಪಲವಾ?

ಕಾಫಿಪುಡಿ
ವರ್ಷಕ್ಕೆ ಹತ್ತು ದಿನದ ಮಳೆ ರಜೆಗೋಸ್ಕರ 365 ದಿನ ಫೋನ್ ನೋಡಬೇಕಾ?

ಕುಂದಾಪುರದ ಅಮ್ಮ
ಆ ಹತ್ತು ದಿನ ಯಾವುದು ಅಂತ ಮೊದಲೇ ಹೇಳಿಬಿಡಿ, ಉಳಿದ ದಿನ ನೋಡುವುದಿಲ್ಲ.

ಬೆರಳುನೋವು
"ಮನಸ್ಸು ಗಟ್ಟಿ ಇದ್ದರೆ" ಅಂತ ಬರೆದಿದ್ದೀರಲ್ಲ, ಅಲ್ಲೇ ಎಡವಿದಿರಿ. ಆ್ಯಪ್ ಕಟ್ಟುವುದೇ ನನ್ನ ಹೊಟ್ಟೆಪಾಡು, ಒಳಗಿನ ಕಥೆ ಗೊತ್ತು. ಎಳೆದಷ್ಟೂ ಮುಗಿಯದ ಪುಟ ಇದೆಯಲ್ಲ, 2006ರಲ್ಲಿ ಅದನ್ನು ಮಾಡಿದ ಏಝಾ ರಾಸ್ಕಿನ್, ಯಾಕಾದರೂ ಮಾಡಿದೆನೋ ಅಂತ ಆಮೇಲೆ ತಾನೇ ನೊಂದುಕೊಂಡಿದ್ದಾನೆ. ಪೇಪರ್‌ಗೆ ಕೊನೆ ಪುಟ ಇದೆ, ಇದಕ್ಕೆ ಇಲ್ಲ. ನಿಲ್ಲುವ ಜಾಗವನ್ನೇ ಕಿತ್ತು ಹಾಕಿ, ನಿಲ್ಲದವನಿಗೆ ಶಿಸ್ತಿಲ್ಲ ಅನ್ನುವುದು ಯಾವ ನ್ಯಾಯ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸ್ಆ್ಯಪ್ ವದಂತಿ ನಂಬಿ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಸಾಯಿಸಿದರು. ಅದೇ ತಿಂಗಳು ವಾಟ್ಸ್ಆ್ಯಪ್, ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಾಡಿತು. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಭಾಷಣ ಬಿಗಿಯುತ್ತಾ ಕೂರಲಿಲ್ಲ, ಬಟನ್ ಬದಲಾಯಿಸಿತು.

ಕಾಫಿಪುಡಿ
ಕೊಲೆಗೂ ನನ್ನ ಕಾಫಿಗೂ ಯಾಕೆ ಗಂಟು ಹಾಕುತ್ತೀರಿ? ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದ, ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರಗಾಲ ಅಂತ. ಆಗ ಯಾವ ಆ್ಯಪ್ ಇತ್ತು?

ಬೆರಳುನೋವು
ಅದೇ ಸೈಮನ್ ಮುಂದೆ ಏನು ಹೇಳಿದ ಅಂತಲೂ ಹಾಕಿ. ಬೆಳಿಗ್ಗೆ ಬೇಗ ಎದ್ದು ಶಿಸ್ತಾಗಿರಿ ಅನ್ನಲಿಲ್ಲ. ಬಂದಿದ್ದನ್ನೆಲ್ಲ ನಮ್ಮ ತಲೆ ಮೇಲೆ ಸುರಿಯದೆ ಸೋಸಿ ಕೊಡುವ ವ್ಯವಸ್ಥೆ ಕಟ್ಟಬೇಕು ಅಂದ. ಅರ್ಧ ಓದಿ ಅರ್ಧ ಬಿಡುವುದೂ ಒಂದು ಶಿಸ್ತೇನೋ!

ನಿವೃತ್ತ ಗುಮಾಸ್ತ
"ಪೇಪರ್‌ಗೆ ಕೊನೆ ಪುಟ ಇದೆ" ಅಂದಿರಿ. ಇದೆ ಸ್ವಾಮಿ, ಆದರೆ ಅದರಲ್ಲಿ ಇರುವುದು ನಿನ್ನೆಯ ಸುದ್ದಿ. ನಾನು ಮಳೆಗಾಲದಲ್ಲಿ ಕೆಆರ್‌ಎಸ್ ನೀರಿನ ಮಟ್ಟ ದಿನಕ್ಕೆ ಹತ್ತು ಸಲ ನೋಡುತ್ತೇನೆ. 124.80 ಅಡಿಗೆ ಅಣೆಕಟ್ಟು ಭರ್ತಿ ಆಗುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನೂ ಚಪಲ ಅಂತೀರಾ?

ಸುಮ್ನೆ ಒಬ್ಬ
ಹತ್ತು ಸಲ ನೋಡಿದರೆ ನೀರು ಬೇಗ ಏರುತ್ತಾ ಸಾರ್? 😄 ಗೇಟಿನ ಬೀಗದ ಕೈ ನಿಮ್ಮ ಹತ್ತಿರ ಇದೆಯಾ?

ನಿವೃತ್ತ ಗುಮಾಸ್ತ
ನೀವು ಬೆಂಗಳೂರಿನವರಾದರೆ ಬೆಳಿಗ್ಗೆ ನಲ್ಲಿ ತಿರುಗಿಸುತ್ತೀರಲ್ಲ, ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವುದು, ಸುಮಾರು ನೂರು ಕಿಲೋಮೀಟರ್ ದೂರದಿಂದ. ಮೇಲೆ ನದಿಯಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಟ್ಯಾಂಕರ್. ಹಲ್ಲು ಕಿರಿಯುವ ಮುಂಚೆ ಇಷ್ಟಾದರೂ ತಿಳಿದಿರಬೇಕು.

ಮದ್ದೂರು ಗದ್ದೆ
ಯಜಮಾನ್ರೆ, ಬೇಜಾರು ಮಾಡ್ಕೋಬೇಡಿ, ಹತ್ತು ಸಲ ಅಡಿ ನೋಡಿ ಏನೂ ಗೊತ್ತಾಗಲ್ಲ. 100 ಅಡಿ ಅಂದ್ರೆ ನೂರಕ್ಕೆ ಎಂಬತ್ತು ತುಂಬಿದೆ ಅಂದ್ಕೋತೀರಿ. ನೀರು ಅರ್ಧವೂ ಇರಲ್ಲ. ನೀರನ್ನ ಅಳೆಯೋದು ಟಿಎಂಸಿಯಲ್ಲಿ: ಪೂರ್ತಿ ತುಂಬಿದರೆ 49.45 ಟಿಎಂಸಿ, 100 ಅಡಿಗೆ 23ರ ಆಸುಪಾಸು. ಅಣೆಕಟ್ಟು ಅಂದ್ರೆ ಡ್ರಮ್ ಅಲ್ಲ, ಬಾಣಲೆ. ಮೇಲಕ್ಕೆ ಹೋದಷ್ಟೂ ಅಗಲ. ನಾವು ರೈತರು ಟಿಎಂಸಿ ನೋಡೋದು.

ನಿವೃತ್ತ ಗುಮಾಸ್ತ
ಮೂವತ್ತೆರಡು ವರ್ಷ ಲೆಕ್ಕ ಬರೆದವನಿಗೆ ಬಾಣಲೆ ಪಾಠ ಬೇಡ. ಟಿವಿಯವರು, ಪೇಪರ್‌ನವರು ಎಲ್ಲರೂ ಹೇಳುವುದು ಅಡಿಯಲ್ಲೇ. ಅವರೆಲ್ಲ ದಡ್ಡರಾ?

ಮದ್ದೂರು ಗದ್ದೆ
ದಡ್ಡರು ಅಂತ ನಾನು ಹೇಳಲಿಲ್ಲ. ಅಡಿ ಕೆಳಗೇ ಟಿಎಂಸಿ, ಒಳಹರಿವು, ಹೊರಹರಿವು ಎಲ್ಲ ಹಾಕಿರುತ್ತಾರೆ. ಒಂದು ಸಲ ಪೂರ್ತಿ ಓದೋದು ಬಿಟ್ಟು, ಮೊದಲನೇ ಸಾಲನ್ನೇ ಹತ್ತು ಸಲ ಓದ್ತಿದ್ದೀರಿ.

ಸುಮ್ನೆ ಒಬ್ಬ
ಒಳಹರಿವು 20 ಸಾವಿರ ಕ್ಯೂಸೆಕ್ ಅಂತ ಬಂದರೆ ದಿನಕ್ಕೆ 20 ಟಿಎಂಸಿ ಅಲ್ವಾ? ಎರಡೂವರೆ ದಿನಕ್ಕೆ ಡ್ಯಾಮ್ ಫುಲ್. ಇದಕ್ಕೆ ಇಷ್ಟು ಗಲಾಟೆಯಾ?

ಮದ್ದೂರು ಗದ್ದೆ
ಅಯ್ಯೋ ದೇವರೇ. ಕ್ಯೂಸೆಕ್ ಅಂದ್ರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿ: 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ನಿಮ್ಮ 20 ಸಾವಿರಕ್ಕೆ ಎರಡು ಟಿಎಂಸಿಯೂ ಆಗಲ್ಲ. ಬರಿದಾದ ಡ್ಯಾಮ್ ತುಂಬೋಕೆ ತಿಂಗಳ ಹತ್ತಿರ ಬೇಕು, ಅದೂ ನಾಲೆಗೆ ಒಂದು ಹನಿ ಬಿಡದಿದ್ದರೆ. ಎರಡೂವರೆ ದಿನ ಅಂತೆ!

ಸುಮ್ನೆ ಒಬ್ಬ
ನಾನು ಅಂದಾಜಿಗೆ ಹೇಳಿದ್ದು.

ಬೆರಳುನೋವು
ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಅಂದಾಜಿಗೂ ಒಂದು ಮಿತಿ ಇರುತ್ತೆ.

ಸುಮ್ನೆ ಒಬ್ಬ
ನೀವು ಈಗ ಗೂಗಲ್ ಮಾಡಿ ಹೇಳಿದ್ದಲ್ವಾ? ಆ್ಯಪ್ ಕೆಟ್ಟದ್ದು, ಗೂಗಲ್ ಮಾತ್ರ ಒಳ್ಳೇದು 👏

ನಿವೃತ್ತ ಗುಮಾಸ್ತ
ನನ್ನ ಅಡಿ ಲೆಕ್ಕಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 124.80 ಅಂದರೆ ಭರ್ತಿ. ಇದರಲ್ಲಿ ತಪ್ಪೇನಿದೆ? ಟಿಎಂಸಿ ಅಂತ ಬಡಿದುಕೊಂಡರೂ ಬಾಗಿನ ಅರ್ಪಿಸುವುದು ಅಡಿ ನೋಡಿಯೇ.

ಕಾಫಿಪುಡಿ
ಎಲ್ಲರಿಗೂ ಒಂದು ವಿನಂತಿ. ಚರ್ಚೆ ನಡೆಯುತ್ತಿರುವುದು ಶಿಸ್ತಿನ ಬಗ್ಗೆ, ಅಣೆಕಟ್ಟಿನ ಬಗ್ಗೆ ಅಲ್ಲ. ಹಾಗೆ ನೋಡಿದರೆ ನೀವೇ ನನ್ನ ಮಾತನ್ನು ನಿಜ ಮಾಡುತ್ತಿದ್ದೀರಿ.

ಕುಂದಾಪುರದ ಅಮ್ಮ
ಅದೆಲ್ಲ ಇರಲಿ, ನೀವು ಈ ಚರ್ಚೆ ಶುರು ಮಾಡಿದ್ದು ಬೆಳಿಗ್ಗೆ 7:12ಕ್ಕೆ. ಒಂಬತ್ತು ಯಾವಾಗ ಆಯಿತು?

ಕಾಫಿಪುಡಿ
ಅದು ಲ್ಯಾಪ್‌ಟಾಪ್. ನಾನು ಹೇಳಿದ್ದು ಫೋನ್.

ಕುಂದಾಪುರದ ಅಮ್ಮ
ಓಹೋ. ಬೇಳೆ ಡಬ್ಬದ ಪಕ್ಕ ಅದಕ್ಕೆ ಜಾಗ ಸಾಲಲಿಲ್ಲವೇನೋ.

ಕಾಫಿಪುಡಿ
ವೈಯಕ್ತಿಕ ಟೀಕೆ ಬೇಡ ಮೇಡಂ. ತಪ್ಪು ಹುಡುಕುವವರಿಗೆ ಗಡಿಯಾರವೂ ಸಾಕ್ಷಿ. ನಾನು ಬರೆದಿದ್ದು ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ, ಇಲ್ಲಿ ಬಂದವರೆಲ್ಲ ನನ್ನ ದಿನಚರಿ ಆಡಿಟ್ ಮಾಡೋಕೆ ನಿಂತಿದ್ದೀರಿ.

ಮದ್ದೂರು ಗದ್ದೆ
ಶಿಸ್ತು ಶಿಸ್ತು ಅಂತೀರಲ್ಲ, ನಂದೂ ಕೇಳಿ. ನಮ್ಮ ಕಡೆ ಕಟ್ಟು ನೀರು. ನಾಲೆಗೆ ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ನಮ್ಮ ತೂಬಿಗೆ ಯಾವಾಗ ಬರುತ್ತೆ ಅಂತ ನೀರು ಹಂಚೋ ನೀರಗಂಟಿ ಗ್ರೂಪ್‌ಗೆ ಹಾಕ್ತಾನೆ. ನನಗೆ ಇಡೀ ದಿನಕ್ಕೆ ಬೇಕಾಗಿರೋದು ಆ ಒಂದು ಮೆಸೇಜ್. ನಾಟಿ ಹಾಕಿ ಹತ್ತು ದಿನ ಆಗಿತ್ತು, ಪೈರಿನ ತುದಿ ಹಳದಿ ತಿರುಗಿತ್ತು. ರಾತ್ರಿ ಎರಡಕ್ಕೆ ನೀರು ಅಂತ ಸಂಜೆಯೇ ಹಾಕಿದ್ದನಂತೆ. ಅದರ ಮೇಲೆ ಅರವತ್ತು ಮೆಸೇಜ್: ಗುಲಾಬಿ ಹೂವಿನ ಶುಭರಾತ್ರಿ, ಯಾರದೋ ಹುಟ್ಟುಹಬ್ಬ, ನಿಂಬೆರಸದಲ್ಲಿ ಶುಗರ್ ವಾಸಿ. ನಾನು ನೋಡಿದ್ದು ಬೆಳಿಗ್ಗೆ ಐದಕ್ಕೆ. ಅಷ್ಟೊತ್ತಿಗೆ ಮೇಲಿನ ಗದ್ದೆಯವರೆಲ್ಲ ತುಂಬಿಸಿಕೊಂಡು, ನಮ್ಮ ಕಾಲುವೆಯಲ್ಲಿ ಬರೀ ಕೆಸರು. ಈಗ ಹೇಳಿ, ನಾನು ಫೋನ್ ಜಾಸ್ತಿ ನೋಡಿದ್ದು ತಪ್ಪಾ, ಕಮ್ಮಿ ನೋಡಿದ್ದು ತಪ್ಪಾ?

ಬೆರಳುನೋವು
ಇದನ್ನೇ ನಾನು ಆಗಿನಿಂದ ಹೇಳುತ್ತಿರುವುದು! ಸೋಸುವ ವ್ಯವಸ್ಥೆ ಇಲ್ಲ. ಆ ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ, ಎರಡು ನಿಮಿಷದ ಕೆಲಸ.

ಮದ್ದೂರು ಗದ್ದೆ
ಅಡ್ಮಿನ್ನೇ ಗುಲಾಬಿ ಹಾಕೋದು.

ಕಾಫಿಪುಡಿ
ನೋಡಿದಿರಾ, ವ್ಯವಸ್ಥೆ ಮಾಡಿದರೂ ಕೊನೆಗೆ ಬೇಕಾಗುವುದು ಮನುಷ್ಯನ ಶಿಸ್ತೇ.

ಮದ್ದೂರು ಗದ್ದೆ
ನನ್ನ ಪೈರು ಒಣಗಿದ್ದು ನಿಮ್ಮ ವಾದಕ್ಕೆ ಗೊಬ್ಬರ ಆಯ್ತಲ್ಲ, ಸಂತೋಷ.

ನಿವೃತ್ತ ಗುಮಾಸ್ತ
"ಗುಲಾಬಿ ಹೂವು" ಅಂತ ಎಲ್ಲರೂ ಹಾಸ್ಯ ಮಾಡುತ್ತೀರಿ. ನಾನು ದಿನಾ ಕಳಿಸುತ್ತೇನೆ. ಮಗ ಡಲ್ಲಾಸ್‌ನಲ್ಲಿದ್ದಾನೆ, ಮಗಳು ಪುಣೆಯಲ್ಲಿ. ಹೂವು ಬಂದರೆ ಅಪ್ಪ ಎದ್ದಿದ್ದಾನೆ ಅಂತ ಅರ್ಥ. ಒಂದು ದಿನ ಜ್ವರ ಬಂದು ಕಳಿಸಲಿಲ್ಲ, ಇಬ್ಬರೂ ಪಕ್ಕದ ಮನೆಗೆ ಫೋನ್ ಮಾಡಿದರು. ನಿಮ್ಮ ಸೈಮನ್‌ಗೆ ಇದು ಗೊತ್ತಿತ್ತಾ?

ಮದ್ದೂರು ಗದ್ದೆ
ಮಕ್ಕಳಿಗೆ ಕಳಿಸಿ ಯಜಮಾನ್ರೆ, ಯಾರು ಬೇಡ ಅಂದ್ರು. ನಾಲೆ ಗ್ರೂಪ್‌ಗೆ ಕಳಿಸಬೇಡಿ.

ನಿವೃತ್ತ ಗುಮಾಸ್ತ
ನಾನು ಯಾವ ನಾಲೆ ಗ್ರೂಪ್‌ನಲ್ಲೂ ಇಲ್ಲ.

ಸುಮ್ನೆ ಒಬ್ಬ
ಇದ್ದಿದ್ದರೆ ಹತ್ತು ಸಲ ನೋಡುವುದು ತಪ್ಪುತ್ತಿತ್ತು, ನೀರಗಂಟಿಯೇ ಹೇಳುತ್ತಿದ್ದ 😄

ಕಾಫಿಪುಡಿ
ಈ ಚರ್ಚೆಯ ನೋಟಿಫಿಕೇಶನ್ ಆಫ್ ಮಾಡುತ್ತಿದ್ದೇನೆ. ಎಲ್ಲರಿಗೂ ನಮಸ್ಕಾರ.

ಕುಂದಾಪುರದ ಅಮ್ಮ
ಫೋನ್‌ನಲ್ಲಿ ಆಫ್ ಮಾಡಿದಿರೋ, ಲ್ಯಾಪ್‌ಟಾಪ್‌ನಲ್ಲೋ?

ಕಾಫಿಪುಡಿ
ಎರಡರಲ್ಲೂ.

ನಿವೃತ್ತ ಗುಮಾಸ್ತ
ಮದ್ದೂರಿನವರೇ, ಮಡಿಕೇರಿ ಕಡೆ ಮಳೆ ಜೋರಂತೆ. ಇವತ್ತು ಒಳಹರಿವು ಎಷ್ಟು ಅಂತ ನೋಡಿದಿರಾ?

ಮದ್ದೂರು ಗದ್ದೆ
ಇನ್ನೂ ಇಲ್ಲ. ಕ್ಯೂಸೆಕ್ ಎಷ್ಟು ಅಂತ ನೀವೇ ನೋಡಿ ಹೇಳಿ. ಅಡಿ ಬೇಡ.