ಪದಚರ್ಚೆ: ಲೈನರನ್ನು ತಿಂದದ್ದು ತುಕ್ಕೋ, ಹುಳುಕೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಹಳ ಓಡಿದ ಲಾರಿಯ ಡೀಸೆಲ್ ಇಂಜಿನ್ನನ್ನು ಬಿಚ್ಚಿ ಮತ್ತೆ ಕೂಡಿಸುವುದನ್ನು ಕುರಿತ ಇಂಗ್ಲಿಷ್ ಕೈಪಿಡಿಯೊಂದನ್ನು, ಚಾಲಕರಿಗೂ ಸಣ್ಣ ಗ್ಯಾರೇಜಿನವರಿಗೂ ಅರ್ಥವಾಗುವಂತೆ ಕನ್ನಡಕ್ಕೆ ತರುವ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಮೊದಲ ಪುಟದಲ್ಲೇ ಎಡವಿದೆ. ‘ಹೈ ಮೈಲೇಜ್ ಇಂಜಿನ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೆ. ಕರಡನ್ನು ಓದಿದ ಚಾಲಕರೊಬ್ಬರು, ‘ಲೀಟರಿಗೆ ಅಷ್ಟು ಚೆನ್ನಾಗಿ ಓಡುವ ಇಂಜಿನ್ನನ್ನು ಯಾಕೆ ಬಿಚ್ಚಬೇಕು?’ ಎಂದು ಕೇಳಿದರು. ಕನ್ನಡದಲ್ಲಿ ಮೈಲೇಜ್ ಎಂದರೆ ಒಂದು ಲೀಟರ್ ಡೀಸೆಲ್‌ಗೆ ಗಾಡಿ ಎಷ್ಟು ಓಡುತ್ತದೆ ಎಂಬ ಲೆಕ್ಕವೇ ಹೊರತು ಒಟ್ಟು ಎಷ್ಟು ಓಡಿದೆ ಎಂಬುದಲ್ಲ. ‘ಗಾಡಿ ಎಂಟು ಲಕ್ಷ ಓಡಿದೆ’ ಎಂಬುದೇ ನಮ್ಮ ಮಾತು. ಆದ್ದರಿಂದ ‘ಬಹಳ ಓಡಿದ ಇಂಜಿನ್’ ಎಂದು ತಿದ್ದಿಕೊಂಡೆ. ನನ್ನ ನಿಜವಾದ ತೊಡಕು ಕೂಲೆಂಟಿನ, ಅಂದರೆ ಇಂಜಿನ್ನನ್ನು ತಂಪಾಗಿಡುವ ದ್ರವದ ಅಧ್ಯಾಯದಲ್ಲಿದೆ: ಲೈನರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಯ, ಹೊರಮೈಯಲ್ಲಿ ಬೀಳುವ ಕುಳಿಗಳನ್ನು ಕನ್ನಡದಲ್ಲಿ ಏನೆನ್ನಬೇಕು?

ಆ ಕುಳಿಗಳನ್ನು ಕಣ್ಣಾರೆ ನೋಡಿ ಬರೋಣವೆಂದು ಚಿತ್ರದುರ್ಗದ ಹೆದ್ದಾರಿ ಬದಿಯ ಗ್ಯಾರೇಜೊಂದಕ್ಕೆ ಹೋಗಿದ್ದೆ. ಅಲ್ಲಿ ಒಂದು ಇಂಜಿನ್ನನ್ನು ಇಳಿಸಿ, ಹೆಡ್ ತೆಗೆದು, ಆರು ಲೈನರುಗಳನ್ನೂ ಹೊರಗೆಳೆದು ಗೋಣಿಚೀಲದ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಾದ ಸಂಪಿನಿಂದ ಇಳಿಸಿದ ಆಯಿಲ್ ಕಪ್ಪಗಿರುವ ಬದಲು ನೀರು ಬೆರೆತು ಬೂದು ಬಣ್ಣದ ಗಸಿಯಂತಾಗಿತ್ತು. ಆ ಆಯಿಲಿನಲ್ಲೇ ತಿರುಗಿದ ಬೇರಿಂಗುಗಳೂ ಹೋಗಿದ್ದವು. ಲಾರಿಯ ಮಾಲೀಕರು ಹೇಳಿದ ಒಂದು ಮಾತನ್ನು ನಾನು ಕೂಡಲೇ ಬರೆದುಕೊಂಡೆ: ‘ಬೋರಿನ ನೀರು ಹಾಕಿ ಹಾಕಿ ಇಂಜಿನ್ನು ಬೋರಿಗೆ ಬಂತು ಸಾರ್.’ ಅವರು ಶ್ಲೇಷೆ ಮಾಡಲು ಹೊರಟವರಲ್ಲ. ಮೊದಲ ಬೋರು ಕೊಳವೆಬಾವಿ, ಎರಡನೆಯದು ಸಿಲಿಂಡರನ್ನು ಕೊರೆದು ಅಗಲಿಸುವ ಕೆಲಸ. ಸ್ವಾರಸ್ಯವೆಂದರೆ, ಹೊರಮೈಯನ್ನು ನೀರು ಸುತ್ತುವರಿಯುವ ಇಂಥ ವೆಟ್ ಲೈನರಿನ ಇಂಜಿನ್ನಿನಲ್ಲಿ ಕೊರೆಯುವುದಕ್ಕೆ ಏನೂ ಇಲ್ಲ. ಹಳೆಯ ಲೈನರನ್ನು ಕಿತ್ತು ಹೊಸದನ್ನು ಕೂರಿಸಿದರೆ ಆಯಿತು. ಆದರೂ ‘ಬೋರಿಗೆ ಬಂತು’ ಎಂದೇ ಹೇಳುತ್ತಾರೆ. ಅಂದರೆ ಆ ಮಾತು ಒಂದು ಕೆಲಸದ ಹೆಸರಾಗಿ ಹುಟ್ಟಿ, ಈಗ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕೂಡಿಸುವ ಹೊತ್ತು ಬಂದಿದೆ ಎಂಬ ಅರ್ಥಕ್ಕೆ ಹಿಗ್ಗಿದೆ. ಕೈಪಿಡಿಯ ‘ಓವರ್‌ಹಾಲ್’ ಎಂಬುದಕ್ಕೆ ಗೆಳೆಯರೊಬ್ಬರು ‘ಜೀರ್ಣೋದ್ಧಾರ’ವನ್ನು ಸೂಚಿಸಿದ್ದರು. ಅರ್ಥ ಸರಿಯೇ, ಆದರೆ ಓದುಗರು ಗರ್ಭಗುಡಿಯನ್ನು ಹುಡುಕಿಯಾರು. ‘ಬಿಚ್ಚಿ ಕೂಡಿಸುವುದು’ ಎಂದೇ ಇಟ್ಟುಕೊಂಡಿದ್ದೇನೆ.

ಇನ್ನು ಆ ಲೈನರುಗಳ ಮಾತು. ಅವುಗಳ ಒಳಮೈ ಸವೆದಿದ್ದರೂ ನುಣುಪಾಗಿತ್ತು. ಹೊರಮೈಯ ಒಂದು ಪಕ್ಕದಲ್ಲಿ ಮಾತ್ರ ಮೇಲಿನಿಂದ ಕೆಳಕ್ಕೆ ಸೂಜಿಮೊನೆಯಷ್ಟು, ಸಾಸಿವೆಯಷ್ಟು ಗಾತ್ರದ ಕುಳಿಗಳು ಒತ್ತೊತ್ತಾಗಿ ಬಿದ್ದಿದ್ದವು. ಒಂದರಲ್ಲಿ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು. ಮೇಸ್ತ್ರಿಗಳು ‘ತುಕ್ಕು ತಿಂದಿದೆ’ ಎಂದರು. ಕೈಪಿಡಿ ಇದನ್ನು ‘ಕ್ಯಾವಿಟೇಷನ್ ಪಿಟ್ಟಿಂಗ್’ ಎನ್ನುತ್ತದೆ, ಮತ್ತು ತುಕ್ಕಿನಿಂದ ಬೇರೆಯೆಂದು ಒತ್ತಿ ಹೇಳುತ್ತದೆ. ಡೀಸೆಲ್ ಹೊತ್ತಿ ಪಿಸ್ಟನ್ ಕೆಳಕ್ಕಿಳಿಯುವಾಗ ಅದು ಲೈನರಿನ ಒಂದು ಪಕ್ಕಕ್ಕೆ ಬಡಿಯುತ್ತದೆ. ಬಡಿತಕ್ಕೆ ಲೈನರು ಗಂಟೆಯಂತೆ ಅದುರುತ್ತದೆ. ಲೋಹ ಹಿಂದೆ ಸರಿದಷ್ಟು ಬೇಗ ನೀರು ಹಿಂಬಾಲಿಸಲಾರದೆ, ಒತ್ತಡ ಕುಸಿದ ಕ್ಷಣದಲ್ಲಿ ಅಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಲೋಹ ಮರಳಿ ಬಂದಾಗ ಅವು ಒಳಕ್ಕೆ ಕುಸಿದು ಸಿಡಿದು, ಆ ಪೆಟ್ಟಿಗೆ ಲೋಹದ ಕಣ ಕಿತ್ತುಬರುತ್ತದೆ. ಒಳ್ಳೆಯ ಕೂಲೆಂಟಿನಲ್ಲಿರುವ ನೈಟ್ರೈಟಿನಂಥ ಸೇರ್ಪಡೆಗಳು ಲೈನರಿನ ಮೇಲೆ ತೆಳುವಾದ ರಕ್ಷೆಯ ಪೊರೆಯನ್ನು ಕಟ್ಟಿ, ಪೆಟ್ಟು ಅದರ ಮೇಲೆ ಬೀಳುವಂತೆ ಮಾಡುತ್ತವೆ. ಬರಿಯ ಬೋರಿನ ನೀರಿನಲ್ಲಿ ಆ ಪೊರೆ ಇಲ್ಲ. ರೇಡಿಯೇಟರಿನ ಮುಚ್ಚಳ ಸಡಿಲವಾಗಿ ಒತ್ತಡ ನಿಲ್ಲದಿದ್ದರೆ ಗುಳ್ಳೆಗಳು ಇನ್ನೂ ಸುಲಭವಾಗಿ ಏಳುತ್ತವೆ.

ತುಕ್ಕು ಎಂಬ ಪದ ಇಲ್ಲಿ ಬರಿಯ ಅಸಮರ್ಪಕವಲ್ಲ, ಹಾನಿಕಾರಕವೂ ಹೌದು ಎಂಬುದು ನನ್ನ ಅಭಿಪ್ರಾಯ. ತುಕ್ಕು ಎಂದೊಡನೆ ಚಾಲಕರು ನಿಂತ ಗಾಡಿಯನ್ನು, ಮಳೆಯಲ್ಲಿ ನೆನೆದ ಕಬ್ಬಿಣವನ್ನು ನೆನೆಯುತ್ತಾರೆ. ಇದಾದರೋ ಹೆಚ್ಚು ದುಡಿದಷ್ಟೂ ಹೆಚ್ಚುವ ರೋಗ. ಕಿಲುಬು ತಾಮ್ರ, ಹಿತ್ತಾಳೆಗಳದ್ದು. ‘ಕುಳಿ’, ‘ಗುಳಿ’ ಎಂದರೆ ಆಕಾರ ಮಾತ್ರ ತಿಳಿಯುತ್ತದೆ. ‘ತೂತು’ ಎಂಬುದು ಕಥೆ ಮುಗಿದ ಮೇಲಿನ ಮಾತು. ‘ಸಿಡುಬಿನ ಕಲೆ’ ನೋಟಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ಸಿಡುಬಿನ ಕಲೆ ಬಿದ್ದಲ್ಲೇ ನಿಲ್ಲುತ್ತದೆ, ಆಳಕ್ಕೆ ಇಳಿಯುವುದಿಲ್ಲ.

ಹೀಗೆ ಒಂದೊಂದನ್ನೇ ಬದಿಗಿಟ್ಟು ‘ಹುಳುಕು’ ಎಂಬಲ್ಲಿಗೆ ಬಂದಿದ್ದೇನೆ. ಹಲ್ಲು ಹುಳುಕಾಗುತ್ತದೆ, ಕಾಳು ಹುಳುಕಾಗುತ್ತದೆ, ಮರ ಹುಳುಕಾಗುತ್ತದೆ; ಸಣ್ಣ ಚುಕ್ಕೆಯಾಗಿ ಹೊರಟು, ಒಳಕ್ಕಿಳಿದು, ಕೊನೆಗೆ ಆಚೆ ಬದಿಯನ್ನು ಮುಟ್ಟುವ ನಡೆ ಈ ಪದದೊಳಗೇ ಇದೆ. ‘ಅವರ ಹುಳುಕು ಬಯಲಾಯಿತು’ ಎಂಬ ಬಳಕೆಯೂ ಇಲ್ಲಿ ಒದಗಿ ಬರುತ್ತದೆ, ಏಕೆಂದರೆ ಲೈನರನ್ನು ಹೊರಗೆಳೆಯುವವರೆಗೆ ಈ ಕುಳಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾವಿಟೇಷನ್ ಎಂಬುದರ ಬೇರು ಪೊಳ್ಳು ಎಂಬ ಅರ್ಥದ ಲ್ಯಾಟಿನ್ ಮಾತು. ದಂತವೈದ್ಯರು ಹುಳುಕಿಗೆ ಹೇಳುವ ‘ಕ್ಯಾವಿಟಿ’ ಕೂಡ ಅದೇ ಬೇರಿನದು. ಇಂಗ್ಲಿಷಿನವರು ಹಲ್ಲಿಗೂ ಲೋಹಕ್ಕೂ ಒಂದೇ ಬೇರನ್ನು ಹಂಚಿಕೊಳ್ಳಬಹುದಾದರೆ ನಮಗೇನು ಅಡ್ಡಿ?

ಅಡ್ಡಿ ಒಂದಿದೆ. ಹುಳುಕಿನಲ್ಲಿ ಹುಳು ಇದೆ, ತಮಿಳಿನ ‘ಪುೞು’ವಿನ ಬಳಗದ್ದು. ಕಬ್ಬಿಣಕ್ಕೆ ಹುಳು ಹಿಡಿಯುವುದುಂಟೆ ಎಂದು ಮೇಸ್ತ್ರಿಗಳು ನಕ್ಕರು. ಹಲ್ಲಿಗೂ ಹುಳು ಹಿಡಿಯುವುದಿಲ್ಲವಷ್ಟೆ ಎಂದು ನಾನು ಉತ್ತರಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಹುಳುಕು ಫಲದ ಹೆಸರಾಯಿತು. ಅದನ್ನು ಉಂಟುಮಾಡುವ ಕ್ರಿಯೆಗೂ ಒಂದು ಹೆಸರು ಬೇಕು. ಪತ್ರಿಕೆಗಳು ಪ್ರತಿ ಮಳೆಗಾಲದಲ್ಲೂ ಬಳಸುವ ‘ಕಡಲ್ಕೊರೆತ’ದ ಮಾದರಿಯಲ್ಲಿ ‘ಗುಳ್ಳೆಕೊರೆತ’ ಎಂದು ಕಟ್ಟಿಕೊಂಡಿದ್ದೇನೆ. ಇಲ್ಲೂ ಒಂದು ಅಳುಕು: ಗ್ಯಾರೇಜಿನಲ್ಲಿ ಕೊರೆಯುವುದೆಂದರೆ ಬೋರಿಂಗ್ ಯಂತ್ರದ ಕೆಲಸ. (ಸುಮ್ಮನೆ ಮಾತಾಡಿ ಬೇಸರ ತರಿಸುವವರನ್ನೂ ‘ಕೊರೀತಾರೆ’ ಎನ್ನುತ್ತೇವೆ, ‘ಬೋರು ಹೊಡೆಸ್ತಾರೆ’ ಎಂದೂ ಎನ್ನುತ್ತೇವೆ. ಎರಡು ಭಾಷೆಗಳು ಇಷ್ಟು ಜೊತೆಜೊತೆಯಾಗಿ ನಡೆದದ್ದನ್ನು ನಾನು ಬೇರೆಡೆ ಕಂಡಿಲ್ಲ.)

ಕೂಲೆಂಟನ್ನು ಕೂಲೆಂಟ್ ಎಂದೇ ಉಳಿಸಿದ್ದೇನೆ. ಕೈಪಿಡಿ ಕೆಲವೆಡೆ ‘ಆಂಟಿಫ್ರೀಝ್’ ಎನ್ನುತ್ತದೆ. ಅದನ್ನು ‘ಹೆಪ್ಪುತಡೆ’ ಎಂದು ಅನುವಾದಿಸಿದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಚಾಲಕರು ‘ನಮ್ಮಲ್ಲಿ ನೀರು ಎಲ್ಲಿ ಹೆಪ್ಪುಗಟ್ಟುತ್ತದೆ?’ ಎಂದು ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟುಬರುತ್ತಾರೆ. ಕೂಲೆಂಟಿನ ಮೂಲದ್ರವವಾದ ಗ್ಲೈಕಾಲ್ ಅರ್ಧಕ್ಕರ್ಧ ನೀರು ಬೆರೆಸಿದಾಗ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು ಎಂಬುದು ನಮಗೆ ಬೇಡದ ಗುಣ. ನಮಗೆ ಬೇಕಾದದ್ದು ಅದರ ಜೊತೆಗೆ ಬರುವ ರಕ್ಷೆ.

ನನ್ನ ಪ್ರಶ್ನೆಗಳು ಇಷ್ಟು. ಲೋಹಕ್ಕೆ ‘ಹುಳುಕು’ ಎಂಬ ಬಳಕೆಯನ್ನು ಕಮ್ಮಾರರ, ಅಕ್ಕಸಾಲಿಗರ, ಪಂಪ್‌ಸೆಟ್ ರಿಪೇರಿಯವರ ಬಾಯಲ್ಲಿ ಯಾರಾದರೂ ಕೇಳಿದ್ದೀರಾ? ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ಈ ಕುಳಿಗಳಿಗೆ ಬೇರೆ ಮಾತಿದೆಯೇ? ಮುಖ್ಯವಾಗಿ ಕರಾವಳಿಯವರನ್ನು ಕೇಳುತ್ತೇನೆ: ಈ ಪಿಡುಗನ್ನು ಮೊದಲು ಗುರುತಿಸಿದ್ದು ಹಡಗುಗಳಲ್ಲಿ, 1894ರಲ್ಲಿ ಕಟ್ಟಿದ ‘ಟರ್ಬಿನಿಯಾ’ ಎಂಬ ಆವಿಯ ನೌಕೆ ಇದೇ ಗುಳ್ಳೆಗಳ ಕಾಟದಿಂದ ವೇಗ ಹಿಡಿಯಲಾರದೆ, ಅದರ ಪ್ರೊಪೆಲರುಗಳನ್ನೇ ಮಾರ್ಪಡಿಸಬೇಕಾಯಿತು. ಮಲ್ಪೆ, ಮಂಗಳೂರಿನ ಮೀನುಗಾರಿಕೆ ದೋಣಿಗಳನ್ನು ದಡಕ್ಕೆಳೆದಾಗ ಪ್ರೊಪೆಲರಿನ ರೆಕ್ಕೆಗಳ ಮೇಲೆ ಇಂಥ ಕುಳಿಗಳು ಕಂಡರೆ, ಅಲ್ಲಿನ ಕೆಲಸಗಾರರು ಕನ್ನಡದಲ್ಲೋ ತುಳುವಿನಲ್ಲೋ ಅದನ್ನು ಏನೆಂದು ಕರೆಯುತ್ತಾರೆ?