3 + 7 + 11 + … ಮೊತ್ತ 36 ಆದಮೇಲೆ ಮತ್ತೆ ಯಾವಾಗ ಪೂರ್ಣ ವರ್ಗ?

ಪ್ರಶ್ನೆ
3, 7, 11, 15… ಸಮಾಂತರ ಶ್ರೇಢಿಯ ಮೊದಲ 4 ಪದಗಳ ಮೊತ್ತ 36, ಅಂದರೆ 6². ನ ಪದಗಳ ಮೊತ್ತ ನ(2ನ+1). 100 ಪದಗಳವರೆಗೆ ನೋಡಿದರೂ ಇನ್ನೊಂದು ವರ್ಗ ಸಿಗಲಿಲ್ಲ. 1+3+5+… ಕೂಡಿದರೆ ಪ್ರತಿ ಸಲವೂ ವರ್ಗವೇ ಬರುತ್ತದಲ್ಲ, ಇಲ್ಲೇಕೆ ಇಷ್ಟು ಅಪರೂಪ? ಮುಂದಿನದನ್ನು ಹುಡುಕುವುದು ಹೇಗೆ?

ಉತ್ತರ 1
ಮುಂದಿನದು 144 ಪದಗಳಿಗೆ, ಸ್ವಲ್ಪದರಲ್ಲೇ ತಪ್ಪಿಹೋಗಿದೆ.

ನ ಮತ್ತು 2ನ+1ಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಗುಣಲಬ್ಧ ವರ್ಗವಾಗಬೇಕಾದರೆ ಎರಡೂ ತಾವೇ ವರ್ಗಗಳಾಗಿರಬೇಕು. ನ = ಕ², 2ನ+1 = ಖ² ಎಂದಿಟ್ಟರೆ

ಖ² − 2ಕ² = 1

ಇದು ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಕೈಗೆತ್ತಿಕೊಂಡ ‘ವರ್ಗಪ್ರಕೃತಿ’ ಎಂಬ ಬಗೆಯ ಸಮೀಕರಣ. ಖ = 3, ಕ = 2 ನಿಮಗೆ ಸಿಕ್ಕ ಉತ್ತರ. ಅವನ ‘ಭಾವನೆ’ಯಿಂದ (ಸಿಕ್ಕ ಉತ್ತರಗಳನ್ನು ಬೆಸೆದು ಹೊಸ ಉತ್ತರ ಪಡೆಯುವ ವಿಧಾನ) ಮುಂದಿನ ಜೋಡಿ:

ಹೊಸ ಖ = 3ಖ + 4ಕ
ಹೊಸ ಕ = 2ಖ + 3ಕ

ಖ = 17, ಕ = 12 ಬರುತ್ತದೆ. ನ = 144, ಮೊತ್ತ 144 × 289 = 204². ಅದರ ಮುಂದಿನದು 99, 70; ಆಗ ನ = 4900, ಮೊತ್ತ 6930². ಉತ್ತರಗಳಿಗೆ ಕೊನೆಯಿಲ್ಲ, ಆದರೆ ಪ್ರತಿ ಸಲ ನ ಸುಮಾರು 34 ಪಟ್ಟು ಹಿಗ್ಗುತ್ತದೆ. ಒಂದೊಂದೇ ಪದ ಕೂಡುತ್ತಾ ಹೋದರೆ ಸಿಗದಿರುವುದು ಇದರಿಂದಲೇ.

ಉತ್ತರ 2
3 = 1+2, 7 = 3+4, 11 = 5+6. ನಿಮ್ಮದು 1ರಿಂದ 2ನವರೆಗಿನ ಮೊತ್ತವೇ! 1ರಿಂದ ಕೂಡಿದಾಗ ವರ್ಗ ಕೊಡುವ ಕೊನೆಯ ಸಂಖ್ಯೆಗಳು 1, 8, 49, 288, 1681, 9800… ಇವುಗಳಲ್ಲಿ ಸಮ ಸಂಖ್ಯೆಗಳನ್ನು ಅರ್ಧ ಮಾಡಿ: 4, 144, 4900.

ಉತ್ತರ 3
‘ಪ್ರತಿ ಸಲವೂ ವರ್ಗ’ ಎಂಬುದಕ್ಕೆ: ಮೊದಲ ಪದ ಅ, ವ್ಯತ್ಯಾಸ ವ ಇರಲಿ. ಬೆಸ ಅವಿಭಾಜ್ಯ ಪ ಪದಗಳ ಮೊತ್ತದ ಎರಡರಷ್ಟು ಪ(ಪವ + 2ಅ − ವ). ಮೊತ್ತ ವರ್ಗವಾದರೆ ಅದನ್ನು ಪ² ಭಾಗಿಸಬೇಕು, ಹಾಗಾಗಿ 2ಅ − ವ ಅನ್ನು ಪ ಭಾಗಿಸಬೇಕು. ಎಲ್ಲ ಪಗೂ ಹೀಗಾಗಲು 2ಅ − ವ ಸೊನ್ನೆಯೇ ಆಗಬೇಕು. ಅಂದರೆ ವ = 2ಅ. ಮೊದಲ ಪದವೇ ಮೊದಲ ಮೊತ್ತವಾದ್ದರಿಂದ ಅ ಕೂಡ ವರ್ಗ: 1, 3, 5… ಅಥವಾ 4, 12, 20… 2, 6, 10…ರಲ್ಲಿ ಮೊತ್ತ 2ನ², ಒಂದು ಸಲವೂ ವರ್ಗವಲ್ಲ.

ಬೇರೆ ಶ್ರೇಢಿಗೆ ಉತ್ತರ 1ರ ದಾರಿ ಹಿಡಿಯುವಾಗ ಎಡವುವ ಜಾಗ: 2, 5, 8…ಗೆ ಮೊತ್ತ ಮ² ಆದರೆ (6ನ+1)² − 24ಮ² = 1. ಸಮೀಕರಣದ ಉತ್ತರಗಳು 5, 49, 485, 4801… 5 ಮತ್ತು 485ರಿಂದ 1 ಕಳೆದರೆ 6ರಿಂದ ಭಾಗವಾಗುವುದಿಲ್ಲ, ಬಿಡಬೇಕು. 49ರಿಂದ ನ = 8, ಮೊತ್ತ 100; 4801ರಿಂದ ನ = 800, ಮೊತ್ತ 980².